ನಿಂತರೆ ಕುದಿಯುವ ಕಾರು

ನಮ್ಮ ಭಾವನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇಲ್ಲ. ಹಾಗಂತ ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ಮುಂದೆ ಇಪ್ಪತ್ತಾರು ವರ್ಷ ನಿಂತ ಮನುಷ್ಯ. ಕಬ್ಬಿಣ ಅವರ ಮಾತು ಕೇಳುತ್ತದೆ. ಹೆಂಡತಿಯ ತಂಗಿ ನಾನು, ನಾನ್ಯಾಕೆ ಕೇಳಲಿ?

ಅಕ್ಕನಿಗೆ ಚಿಕ್ಕಂದಿನಿಂದ ಎಡಗಾಲಿನಲ್ಲಿ ಬಲವಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಎಲ್ಲಿಗೆ ಹೊರಟರೂ ಭಾವನ ಸ್ಕೂಟರಿನ ಹಿಂದಿನ ಸೀಟೇ ಗತಿ. ಭಾವ ಕಿಕ್ ಹೊಡೆದು ಪ್ರತಿ ಸಲ ಕೇಳುತ್ತಿದ್ದರು, "ಎಲ್ಲಿಗೆ ಹೋಗ್ಬೇಕಮ್ಮಾ?" ಅಕ್ಕ ಹತ್ತಿರದ ಯಾವುದೋ ಅಂಗಡಿ ಹೇಳುತ್ತಿದ್ದಳು. "ದೂರ ಅಂದ್ರೆ ಅವ್ರ ಕೆಲಸ ಕೆಡುತ್ತಲ್ಲೇ" ಎಂದು ಒಮ್ಮೆ ನನ್ನ ಹತ್ತಿರ ಬಾಯಿಬಿಟ್ಟಳು. ನನಗೆ ಸಂಕಟವಾಯಿತು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಭಾವನ ಕಿವಿಗೆ ಹಾಕಿದೆ.

ಭಾವ ಎರಡು ದಿನ ಕೆಲಸ ಬಿಟ್ಟು ಸುತ್ತಿದರು. ಮೂರನೆಯ ದಿನ ಗುಜರಿಯಿಂದ ಒಂದು ಹಳೇ ಪುಟ್ಟ ಕಾರನ್ನು ಎಳೆಸಿಕೊಂಡು ಬಂದರು. ಕ್ಲಚ್ ಇಲ್ಲದ, ಬಲಗಾಲೊಂದರಲ್ಲೇ ಓಡಿಸಬಹುದಾದ ದೊಡ್ಡ ಕಾರೊಂದರ ಎಂಜಿನ್ನು, ಗೇರ್‌ಬಾಕ್ಸ್ ಎರಡನ್ನೂ ಅದರೊಳಗೆ ಕೂರಿಸಲು ಒಂದೂವರೆ ವರ್ಷ ಹಿಡಿಯಿತು. ಕೂರಿಸಿದರು ಎನ್ನುವುದಕ್ಕಿಂತ ತುರುಕಿದರು ಎನ್ನಬೇಕು. ಎಂಜಿನ್ನೇ ತಿರುಗಿಸುವ ಹಳೆಯ ಫ್ಯಾನಿಗೆ ಜಾಗವೇ ಉಳಿಯದೆ, ಕಾರಿನ ಮೂತಿಯಲ್ಲಿ ನೀರು ತಣಿಸುವ ರೇಡಿಯೇಟರಿನ ಹಿಂದೆ ಕರೆಂಟಿನ ಫ್ಯಾನ್ ಸಿಕ್ಕಿಸಿದರು.

ಅಕ್ಕ ಅದರಲ್ಲೇ ಓಡಿಸಲು ಕಲಿತಳು. ಓಡುವಾಗ ಕಾರು ಬಲು ಸಾಧು. ನಿಂತರೆ ಮಾತ್ರ ಮೂಗಿನ ತುದಿಯಲ್ಲೇ ಕೋಪ. ಹತ್ತು ನಿಮಿಷಕ್ಕೆ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೇರಿ ಬುಸ್ಸೆಂದು ಹಬೆ. ಅಕ್ಕನ ಮೊದಲ ಡ್ರೈವಿಂಗ್ ಟೆಸ್ಟ್ ಹಾಗೇ ಹಾಳಾಯಿತು. ಅಲ್ಲಿ ಸಾಲು ಇಂಚಿಂಚೇ ಸರಿಯುತ್ತದೆ, ಎಂಜಿನ್ ಆರಿಸುವ ಹಾಗಿಲ್ಲ. ಅವಳ ಸರದಿ ಬರುವ ಮೊದಲೇ ಕುದಿಯಿತು.

"ಏನಮ್ಮಾ, ಟೀ ಕಾಯಿಸೋಕೆ ಬಂದ್ರಾ?" ಎಂದು ಇನ್‌ಸ್ಪೆಕ್ಟರ್ ನಕ್ಕು ವಾಪಸ್ ಕಳಿಸಿದರು.

ಅಕ್ಕ ಅಳಲಿಲ್ಲ. ಮನೆಗೆ ಬಂದು, "ಇನ್ನೊಂದ್ಸಲ ಹೋಗ್ತೀನಿ. ಆಗ್ಲೂ ಹೀಗೇ ಆದ್ರೆ ಇದನ್ನ ಗುಜರಿಗೆ ಹಾಕ್ಬಿಡಿ. ಈ ಆಸೆ ನನಗೆ ಬೇಡ" ಎಂದಳು.

ಭಾವ ಬೇರೆಯವರನ್ನು ಕೇಳುತ್ತಾರಾ? ಛೆ, ಮರ್ಯಾದೆ ಪ್ರಶ್ನೆ! ನೀರಿನ ಪಂಪ್ ಬದಲಾಯಿಸಿದರು. ರೇಡಿಯೇಟರ್ ಬಿಚ್ಚಿ ತೊಳೆಸಿದರು. ಪೈಪು ಮಾರಿದವನಿಗೆ ಬೈದರು, ಪಂಪು ಮಾರಿದವನಿಗೂ ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಭಾವ, ಫ್ಯಾನ್ ಸರಿ ಇದೆಯಾ?" ಎಂದೆ.

"ತಿರುಗ್ತಿರೋದು ಕಾಣಲ್ವಾ? ಹೋಗಿ ಕಣ್ಣು ತೋರಿಸ್ಕೋ."

ಎರಡನೇ ಟೆಸ್ಟಿನ ಹಿಂದಿನ ದಿನ ಬೆಳಿಗ್ಗೆ ಭಾವ ಅಂಗಳದಲ್ಲಿ ಕಾರನ್ನು ನಿಂತಲ್ಲೇ ಚಾಲೂ ಮಾಡಿ, ಮುಳ್ಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಅಕ್ಕ ನೀರಿಗೆ ಹಾಕಿ ತೆಗೆದ ಲೈನಿಂಗ್ ಬಟ್ಟೆಗಳನ್ನು ತಂದು ಕಾರಿನ ಮುಂದಿದ್ದ ಹಗ್ಗಕ್ಕೆ ಹರವತೊಡಗಿದಳು.

"ಗಾಳಿಗೆ ಅಡ್ಡ ಆಗುತ್ತೆ, ತೆಗಿ. ಬೇರೆ ಜಾಗ ಇಲ್ವಾ ನಿಂಗೆ?" ಭಾವ ರೇಗಿದರು.

"ನೀವು ಇಲ್ದಾಗ ನಾನು ಗಾಡಿ ಶುರು ಮಾಡಿ ಇಲ್ಲೇ ಒಣಗಿಸೋದು ರೀ. ಒಳಗಿಂದ ಬಿಸಿಗಾಳಿ ಹೊಡೆಯುತ್ತಲ್ಲ, ಐದೇ ನಿಮಿಷಕ್ಕೆ ಗರಿಗರಿ."

ಭಾವ ಎದ್ದು ಕಾರಿನ ಮುಂದೆ ಬಂದರು. ಬಟ್ಟೆಗಳೆಲ್ಲ ಕಾರಿನಿಂದ ಆಚೆಗೆ ಪಟಪಟ ಹಾರುತ್ತಿದ್ದವು. ಫ್ಯಾನು ಮುಂದಿನ ತಂಗಾಳಿಯನ್ನು ಒಳಗೆಳೆಯಬೇಕು. ಇದು ಎಂಜಿನ್ನಿನ ಬಿಸಿಯನ್ನೇ ರೇಡಿಯೇಟರಿಗೆ ಊದುತ್ತಿತ್ತು. ಓಡುವಾಗ ಎದುರುಗಾಳಿ ಆ ತಪ್ಪನ್ನು ಮುಚ್ಚಿಹಾಕುತ್ತಿತ್ತು. ಫ್ಯಾನಿನ ಎರಡು ತಂತಿ ಅದಲುಬದಲಾಗಿ ಅದು ಉಲ್ಟಾ ತಿರುಗುತ್ತಿತ್ತು, ಅಷ್ಟೇ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಮಹಾನುಭಾವರು ಊರೆಲ್ಲ ತುಪ್ಪಕ್ಕೆ ಅಲೆದಿದ್ದರು.

"ಈಗ ಕಣ್ಣು ತೋರಿಸ್ಕೊಳ್ಳೋಕೆ ಯಾರು ಹೋಗ್ಬೇಕು ಭಾವ?"

"ಸುಮ್ನಿರು ತಾಯಿ" ಎನ್ನುತ್ತಾ ಸ್ಕ್ರೂಡ್ರೈವರ್ ಹುಡುಕಿದರು. ತಂತಿ ಬದಲಾಯಿಸಿ ಫ್ಯಾನ್ ಹಾಕಿದ್ದೇ ತಡ, ಲೈನಿಂಗ್ ಬಟ್ಟೆಯೊಂದು ಹಾರಿ ಬಂದು ಕಾರಿನ ಮೂತಿಗೆ ಅಂಟಿಕೊಂಡಿತು. ಅಕ್ಕ ಮುಖ ಊದಿಸಿಕೊಂಡು, "ಇನ್ಮೇಲೆ ಎಲ್ಲಿ ಒಣಗಿಸ್ಲಿ?" ಎಂದಳು.

ಮರುದಿನ ಸಾಲಿನಲ್ಲಿ ನಲವತ್ತು ನಿಮಿಷ. ಬೇಲಿಯಾಚೆ ನನ್ನ ಪಕ್ಕದಲ್ಲಿ ಭಾವ ಎರಡು ಕೈಯಲ್ಲೂ ನೀರಿನ ಕ್ಯಾನ್ ಹಿಡಿದು, ಬೆವರು ಒರೆಸಿಕೊಳ್ಳಲೂ ಕೈಯಿಲ್ಲದೆ ನಿಂತಿದ್ದರು. ಹಬೆ ಬರಲಿಲ್ಲ. ಅದೇ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತರು. ಅಕ್ಕ ಸುತ್ತು ಹೊಡೆದಳು, ಹಿಂದಕ್ಕೆ ತೆಗೆದಳು, ಏರಿನಲ್ಲಿ ನಿಲ್ಲಿಸಿ ಹೊರಟಳು. ಪಾಸ್!

ಕಾರು ಗೇಟಿನ ಹತ್ತಿರ ಬಂದು ನಿಂತಿತು. ನಾನು ಹಿಂದೆ ಹತ್ತಿದೆ. ಭಾವ ಅಭ್ಯಾಸಬಲದಿಂದ ಓಡಿಸುವವರ ಬಾಗಿಲಿಗೇ ಹೋದರು. ಅಕ್ಕ ಅಲ್ಲಾಡಲಿಲ್ಲ. ಅವರು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕ್ಯಾನುಗಳ ಸಮೇತ ಮುದುಡಿ ಕೂತರು.

"ಎಲ್ಲಿಗೆ ಹೋಗ್ಬೇಕು ರೀ?" ಅಕ್ಕ ಕೇಳಿದಳು.

ಎಲ್ಲ ಗೊತ್ತಿರುವ ನಮ್ಮ ಭಾವ ಕಣ್ಣು ತುಂಬಿಕೊಂಡು ಕಿಟಕಿಯ ಕಡೆ ತಿರುಗಿದರು. ನಾನೂ ಆಗ ಗೇಲಿ ಮಾಡಲಿಲ್ಲ.

"ದೂರ" ಎಂದರು ಕೊನೆಗೆ. "ಎಲ್ಲಾದ್ರೂ ದೂರ ಹೋಗಮ್ಮಾ. ನಂಗೇನೂ ಕೆಲಸ ಇಲ್ಲ."

ಅಕ್ಕ ಗಾಡಿಯನ್ನು ಮನೆಯ ದಾರಿ ಬಿಟ್ಟು ಆಚೆ ತಿರುಗಿಸಿದಳು.