ರೇಣುಕಾಗೆ ಓದದೆ ಬಿಟ್ಟ ಪುಟಗಳು

ರೇಣುಕಾ ಕಾದಂಬರಿಯೊಳಗಿನ ಜನರನ್ನು ಗಟ್ಟಿಯಾಗಿ ಬೈಯುತ್ತಿದ್ದಳು. ಮಾಕಳಿಯ ವಠಾರದಲ್ಲಿ ನನ್ನ ಪಕ್ಕದ ಕೋಣೆ ಅವಳದು. ಹೊಸ್ತಿಲ ಮೇಲೆ ಕೂತು, "ಏ ಖೋಡಿ, ಅವನ ಮಾತು ಕೇಳಬ್ಯಾಡ!" ಎಂದು ಕೂಗಿದರೆ ನಲ್ಲಿಯ ಬಳಿ ನಿಂತವರು ಜಗಳವೆಂದು ತಿರುಗಿ ನೋಡುತ್ತಿದ್ದರು. ಬಾಗಲಕೋಟೆ ಕಡೆಯ ಹುಡುಗಿ; ಗಂಡ ಬಸವರಾಜನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ನಾನು ಲೈಬ್ರರಿಯಿಂದ ತಂದ ಪುಸ್ತಕವನ್ನು ನನಗಿಂತ ಮೊದಲು ಮುಗಿಸಿ, "ಅಕ್ಕಾರ, ಕಡೀಗೆ ಏನಾಗ್ತೈತಿ ಹೇಳ್ಲೇನು?" ಎಂದು ಹೆದರಿಸುತ್ತಿದ್ದಳು.

ತವರಿನಲ್ಲಿ ತಾಯಿ ಇರಲಿಲ್ಲ. ಹೆರಿಗೆಯಾದ ಮೇಲೆ ಬಾಣಂತನಕ್ಕೆ ಅತ್ತೆಯೇ ಇಲ್ಲಿಗೆ ಬಂದರು. ಒಳ್ಳೆಯ ಹೆಂಗಸು. "ಬಾಣಂತಿ ಓದಿದ್ರ ಕಣ್ಣು ಹೋಗ್ತಾವ" ಎಂದು ಪುಸ್ತಕ ಮುಟ್ಟಗೊಡಲಿಲ್ಲ. ಹಾಗಾಗಿ ಭಾನುವಾರಗಳಂದು ನಾನೇ ಓದಿ ಹೇಳತೊಡಗಿದೆ. ರೇಣುಕಾ ತಲೆಗೆ ಕಟ್ಟಿದ ಬಟ್ಟೆ ಸರಿಸಿ, ಒಂದು ಕಿವಿಯ ಹತ್ತಿ ತೆಗೆದು ಕೇಳುತ್ತಿದ್ದಳು. ಯಾರನ್ನೂ ಬೈಯುತ್ತಿರಲಿಲ್ಲ. ನಿದ್ದೆಗೆಟ್ಟಿದ್ದಾಳೆ ಅಂದುಕೊಂಡೆ.

ಮೂರನೆಯ ಭಾನುವಾರ ಓದಿದ ಅಧ್ಯಾಯದಲ್ಲಿ, ಹೊಸದಾಗಿ ಹೆತ್ತವಳೊಬ್ಬಳು ಅಳುವ ಮಗುವನ್ನು ನೋಡುತ್ತ ಸುಮ್ಮನೆ ಕೂತಿರುತ್ತಾಳೆ. ಎತ್ತಿಕೊಳ್ಳಲು ಕೈ ಬರುವುದಿಲ್ಲ.

"ಅದನ್ನ ಇನ್ನೊಮ್ಮೆ ಓದ್ರಿ," ಎಂದಳು ರೇಣುಕಾ.

"ಎಂಥಾ ತಾಯಿ ಆಕಿ! ಆ ಪುಸ್ತಕ ಒಲೀಗೆ ಹಾಕ್ರಿ," ಎಂದರು ಅತ್ತೆ, ಮೊಮ್ಮಗಳನ್ನು ತೊಡೆಯ ಮೇಲೆ ತಟ್ಟುತ್ತ.

ನನಗೆ ಹೆದರಿಕೆಯಾಯಿತು. ನಾಲ್ಕು ಪುಟ ಒಟ್ಟಿಗೆ ಮಗುಚಿ, ನಾಮಕರಣದ ಊಟದಿಂದ ಓದಿದೆ.

"ನಡುವ ಹಾಳಿ ಬಿಟ್ರಿ, ಅಕ್ಕಾರ."

"ಇಲ್ಲ ಕಣೇ, ಅಂಟ್ಕೊಂಡಿತ್ತು."

ಅವಳು ದಿಂಬಿನ ಕೆಳಗಿದ್ದ ಹತ್ತಿಯನ್ನು ಹುಡುಕಿ ಮತ್ತೆ ಕಿವಿಗೆ ಇಟ್ಟುಕೊಂಡಳು.

ಬಿಟ್ಟ ಪುಟಗಳನ್ನು ಮನೆಯಲ್ಲಿ ಓದಿದೆ. ಅಲ್ಲಿಯೂ ಆ ಹೆಂಗಸು ಮಗುವನ್ನು ಎತ್ತಿಕೊಳ್ಳುವುದಿಲ್ಲ. ಪಕ್ಕದ ಮನೆಯವಳನ್ನು ಕರೆದು, ನನಗೆ ನನ್ನದೇ ಭಯ, ಸ್ವಲ್ಪ ಹೊತ್ತು ಇಲ್ಲೇ ಕೂತಿರು ಅನ್ನುತ್ತಾಳೆ. ಅಷ್ಟೇ. ಮರುದಿನವೇ ಪುಸ್ತಕ ಹಿಡಿದು ಹೋದೆ. "ಮಲಗ್ಯಾಳ," ಎಂದರು ಅತ್ತೆ. ಮೂರು ಸಲ ಹೋದೆ. ಮೂರು ಸಲವೂ ಅದೇ ಮಾತು. ಅತ್ತೆಯ ಹೆಗಲಾಚೆ, ಗೋಡೆ ನೋಡುತ್ತಿದ್ದ ರೇಣುಕಾಳ ತೆರೆದ ಕಣ್ಣು ನನಗೆ ಕಾಣುತ್ತಿತ್ತು.

ಬಸ್ ಸ್ಟಾಪಿನಲ್ಲಿ ಬಸವರಾಜನನ್ನು ನಿಲ್ಲಿಸಿ, ಡಾಕ್ಟರಿಗೆ ತೋರಿಸು ಎಂದೆ.

"ಕೂಸು ಆರಾಮೈತ್ರಿ."

"ಕೂಸಿಗಲ್ಲಪ್ಪ, ರೇಣುಕಾಗೆ."

"ಆಕೀಗೇನಾಗೇತ್ರಿ? ಊಟ ಮಾಡ್ತಾಳ," ಎಂದ, ನಿಜಕ್ಕೂ ಗಾಬರಿಯಾಗಿ. ಏನಾಗಿದೆ ಎಂದು ಹೇಳಲು ನನ್ನಲ್ಲೂ ಒಂದು ಹೆಸರಿರಲಿಲ್ಲ. ಆ ವಾರವೇ ಅವಳನ್ನು ಊರಿಗೆ ಕಳಿಸುವುದೆಂದಾಯಿತು. ಆಮೇಲೆ ಅವನೂ ಕೋಣೆ ಬಿಟ್ಟ. ಅವಳು ಏನಾದಳೋ ಇಂದಿಗೂ ನನಗೆ ತಿಳಿಯದು.

ಕೊನೆಯ ಸಲ ನೋಡಿದ್ದು ಹೊರಟು ನಿಂತ ಆಟೋದಲ್ಲಿ. ಮಗು ಅತ್ತೆಯ ಮಡಿಲಲ್ಲಿತ್ತು. ನಾನು ಪುಸ್ತಕವನ್ನು ರೇಣುಕಾಳ ಕೈಗಿಟ್ಟೆ. ಅವಳು ಒಂದು ಕಿವಿಯ ಹತ್ತಿ ತೆಗೆದಳು.

"ಆಕಿ ಕೂಸಿನ್ನ ಎತ್ಕೊಂಡ್ಲೇನ್ರಿ?"

ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಎತ್ಕೊಂಡ್ಲು," ಎಂದೆ.

ರೇಣುಕಾ ಪುಸ್ತಕವನ್ನು ತೆರೆಯದೆ ನನಗೇ ವಾಪಸು ಕೊಟ್ಟಳು.

"ಹಂಗಾದ್ರ ಅದು ಬ್ಯಾರೆ ಯಾರ್ದೋ ಕಥಿ ಬಿಡ್ರಿ, ಅಕ್ಕಾರ."