ಬೇಲಿಯಾಚೆಯ ಕಳೆ ಹಾಡು

ಅನುಮಾನ ನನ್ನ ಹುಟ್ಟುಗುಣ. ಅಮೆರಿಕದ ಮಿಲ್ಪಿಟಾಸ್‌ನ ನಮ್ಮ ಟೌನ್‌ಹೌಸಿನ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಇರುವುದು ಒಂದು ಮರದ ಬೇಲಿ. ಆ ಕಡೆ ಚೀನಾದ ಅಜ್ಜಿ. ಬೆಳಿಗ್ಗೆ ಒಂಬತ್ತಕ್ಕೆ, ಸರಿಯಾಗಿ ನನ್ನ ಮೀಟಿಂಗು ಶುರುವಾಗುವ ಹೊತ್ತಿಗೆ, ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿ ಬಡಿಯುತ್ತಾ ಜೋರಾಗಿ ಒಂದು ಸಾಲು ಹಾಡುತ್ತಿದ್ದಳು. ಆಮೇಲೆ ಗಪ್ಪನೆ ನಿಲ್ಲಿಸಿ ನಮ್ಮ ಬೇಲಿಯತ್ತ ನೋಡುತ್ತಿದ್ದಳು. ಅಷ್ಟರಲ್ಲಿ ನಾನು ಕಿಟಕಿ ಮುಚ್ಚಿ ಹೆಡ್‌ಫೋನು ಹಾಕಿಕೊಳ್ಳುತ್ತಿದ್ದೆ.

"ನಮ್ಗೇ ಏನೋ ಅಂತಿದಾರೆ ಅತ್ತೆ. ಒಗ್ಗರಣೆ ಸ್ಮೆಲ್ಲಿಗೇ ಇರ್ಬೇಕು," ಎಂದೆ.

ಗದಗಿನ ಕಡೆಯ ನಮ್ಮತ್ತೆ ಮೆಂತ್ಯದ ಮಡಿಗೆ ನೀರು ಹಾಕಲು ಹೊರಟಿದ್ದರು. "ಅಕಿ ಬೈಯಾಕತ್ತಿಲ್ಲ ಯವ್ವಾ, ಕಳೆ ತಗ್ಯಾಕತ್ತಾಳ. ನಿನಗ ಎಲ್ಲಾದ್ರಾಗೂ ಡೌಟು," ಎಂದರು.

ನನಗೆ ಸಮಾಧಾನವಾಗಲಿಲ್ಲ. ಒಂದು ದಿನ ಫೋನನ್ನು ಕಿಟಕಿಯ ಹೊರಗಿಟ್ಟು ರೆಕಾರ್ಡ್ ಮಾಡಲು ಬಿಟ್ಟು, ಹೆಡ್‌ಫೋನು ಹಾಕಿಕೊಂಡು ಮೀಟಿಂಗಿಗೆ ಕೂತೆ. ಸಂಜೆ ಮೊದಲ ಹತ್ತು ಸೆಕೆಂಡು ಕೇಳಿದ್ದೇ ಸಾಕಾಯಿತು. ದೂರಿನ ಜೊತೆ ಅದನ್ನೂ ನಮ್ಮ ಕಾಲೊನಿಯ ಅಸೋಸಿಯೇಶನ್ನಿಗೆ ಕಳಿಸಿಬಿಟ್ಟೆ.

ವಾರದೊಳಗೆ ಬಕೆಟ್ಟು ಸುಮ್ಮನಾಯಿತು. ಗೆದ್ದೆ ಅಂದುಕೊಂಡೆ. ಅತ್ತೆ ಮಾತ್ರ ಒಂಬತ್ತಕ್ಕೆ ಬೇಲಿಯ ಬಳಿ ಹೋಗಿ, ನೀರೂ ಹಾಕದೆ ನಿಂತಿದ್ದು ವಾಪಸು ಬರುತ್ತಿದ್ದರು. ಊಟ ಅರ್ಧಕ್ಕೇ ಬಿಡುತ್ತಿದ್ದರು. ಊರಿಗೆ ಹೊರಡಲು ನೆಪ ಹುಡುಕುತ್ತಿದ್ದಾರೇನೋ ಎಂದು ಅದರಲ್ಲೂ ನನಗೆ ಅನುಮಾನ.

ಶನಿವಾರ ಅಜ್ಜಿಯ ಮಗಳು ಒಂದು ಚೀಲ ಸೊಪ್ಪು ಹಿಡಿದು ಬಂದಳು. ಯಾರೋ ದೂರು ಕೊಟ್ಟಿದ್ದಾರೆ, ಅಮ್ಮ ಇನ್ನು ಹಾಡುವುದಿಲ್ಲ, ನಿಮ್ಮತ್ತೆಗೆ ತಿಳಿಸಿ ಎಂದಳು. ಅವರದು ಹುಬೈ ಪ್ರಾಂತ್ಯದ ಗುಡ್ಡಗಾಡಂತೆ. ಅಲ್ಲಿ ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುವಾಗ ಒಬ್ಬರು ಡೋಲು ಬಾರಿಸಿ ಒಂದು ಸಾಲು ಹಾಡಿ ನಿಲ್ಲಿಸಬೇಕು, ಉಳಿದವರು ಹಾಡಿನಲ್ಲೇ ಉತ್ತರ ಕೊಡಬೇಕು. ಒಂದು ಕಣಿವೆ ದಾಟಿದರೆ ಧಾಟಿಯೇ ಬೇರೆ. "ಅಮೆರಿಕಕ್ಕೆ ಬಂದ ಮೇಲೆ ಅಮ್ಮನಿಗೆ ಉತ್ತರ ಕೊಟ್ಟವರು ನಿಮ್ಮತ್ತೆ ಒಬ್ಬರೇ," ಎಂದಳು ಇಂಗ್ಲಿಷಿನಲ್ಲಿ. ಅಷ್ಟನ್ನೂ ಅತ್ತೆಗೆ ನಾನೇ ಕನ್ನಡದಲ್ಲಿ ಹೇಳಬೇಕಾಯಿತು.

ನಂಬಿಕೆ ಬರಲಿಲ್ಲ. ಅವಳು ಹೋದ ಮೇಲೆ ರೆಕಾರ್ಡಿಂಗನ್ನು ಪೂರ್ತಿ ಹಾಕಿದೆ. ಅಜ್ಜಿಯ ಸಾಲು, ಬಕೆಟ್ಟು, ಮೌನ. ಆಮೇಲೆ ಬೇಲಿಯ ಈಚೆಯಿಂದ ಅತ್ತೆಯ ದನಿ, ಬಿಳಿಜೋಳದ ಹೊಲದ ಕಳೆ ಹಾಡು. ಆರು ವರ್ಷ ಒಂದೇ ಮನೆಯಲ್ಲಿದ್ದರೂ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ಅಡುಗೆಮನೆಯಿಂದ ಓಡಿಬಂದರು. "ಅಯ್ಯ, ಇದು ನಾನು! ಯಾವಾಗ ರೆಕಾರ್ಡ್ ಮಾಡಿದಿ ಯವ್ವಾ?" ಎಂದು ಹಿಗ್ಗಿ ನನ್ನ ಕೈ ಹಿಡಿದುಕೊಂಡರು. "ಆ ಕಂಪ್ಲೇಂಟ್ ಕೊಟ್ಟಾರಲ್ಲ, ಅವರನ್ನ ನೀನೇ ಹುಡುಕಬೇಕು ನೋಡು. ನಿನ್ನ ಕಣ್ಣು ತಪ್ಪಿಸಿದವರು ಯಾರದಾರ?"

"ಸಿಕ್ಕಿದಾರೆ ಅತ್ತೆ," ಎಂದೆ.