ಹುಣಸೆಹಣ್ಣು ಕಂಡ ಮಡ್‌ಗಾರ್ಡು

ನನಗೆ ಮೊದಲಿನಿಂದಲೂ ಸಿಟ್ಟು ಬಹಳ. ತವರಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಗೋಕಾಕದ ಗಂಡನ ಮನೆಯಲ್ಲಿ ಮಾತ್ರ ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಮನೆಯಲ್ಲಿ ಸೊಸೆ ಮಾವನ ಎದುರು ಬಾಯಿ ಬಿಡುವ ಹಾಗಿರಲಿಲ್ಲ. ಅವರು ಪಡಸಾಲೆಗೆ ಬಂದರೆ ನಾನು ಸೆರಗು ಎಳೆದುಕೊಂಡು ಒಳಗೆ ಸರಿಯಬೇಕು. ಏನಾದರೂ ಹೇಳುವುದಿದ್ದರೆ ಅತ್ತೆಯ ಕಿವಿಯಲ್ಲಿ ಹೇಳಬೇಕು, ಅತ್ತೆ ಅದನ್ನು ಅವರಿಗೆ ಮುಟ್ಟಿಸಬೇಕು. ಅವರೂ ಅಷ್ಟೇ. ನಾನು ಎದುರಿಗೇ ನಿಂತಿದ್ದರೂ “ನೀರ ಕೊಡಾಕ ಹೇಳ ಆಕಿಗೆ” ಎಂದು ಅತ್ತೆಗೆ ಹೇಳುತ್ತಿದ್ದರು. ಎರಡು ವರ್ಷದಲ್ಲಿ ಆ ಮನುಷ್ಯ ನನ್ನ ದನಿಯನ್ನೇ ಕೇಳಿರಲಿಲ್ಲ.

ಇದನ್ನೆಲ್ಲ ಕೆಡಿಸಿದ್ದು ಒಂದು ಕಾರು.

ಮಾವನವರದು ಹತ್ತಿ, ಬೆಲ್ಲದ ವ್ಯಾಪಾರ. ಅದು ಬ್ರಿಟಿಷರ ಕಾಲ. ಕಾರು ಬಂತೆಂದರೆ ಜನ ಉಣ್ಣುವುದು ಬಿಟ್ಟು ಹೊರಗೆ ಬರುತ್ತಿದ್ದರು. ಗೋಕಾಕ ಫಾಲ್ಸಿನ ಕಡೆ ಇದ್ದ ಒಬ್ಬ ಬಿಳಿ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಅವನ ಹಳೆಯ ಕಾರನ್ನು ಮಾವನವರು ಕೊಂಡರು. ಕರಿ ಬಣ್ಣ, ಮುಂದೆ ಎರಡು ದೊಡ್ಡ ಹಿತ್ತಾಳೆಯ ದೀಪ, ರಬ್ಬರಿನ ಉಂಡೆ ಹಿಚುಕಿದರೆ ಕೂಗುವ ಹಿತ್ತಾಳೆಯ ಹಾರ್ನು. ಎಮ್ಮೆಗಳನ್ನು ಹಿತ್ತಲಲ್ಲಿ ಕಟ್ಟಿ ಕೊಟ್ಟಿಗೆಯನ್ನು ಕಾರಿಗೆ ಬಿಟ್ಟುಕೊಟ್ಟೆವು. ಅದನ್ನು ಓಡಿಸಲು ಕಣಗಲಾ ಕಡೆಯ ಒಬ್ಬ ಡ್ರೈವರ್ ಬಂದ. ಖಾಕಿ ಕೋಟು ಹಾಕಿ ಮೀಸೆ ತಿರುವುತ್ತಿದ್ದ ಈ ಮಹಾಶಯ ಕಾರನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ತಾನಾದರೂ ನೆಟ್ಟಗೆ ತೊಳೆಯುತ್ತಿದ್ದನೇ? ಒಂದು ಬಕೆಟ್ ನೀರು ಎರಚಿ, ಕೊಳೆ ಚಿಂದಿಯಿಂದ ಒರೆಸಿ, ಬೀಡಿ ಸೇದಲು ಹೋಗಿಬಿಡುತ್ತಿದ್ದ. ಒಂದೇ ವರ್ಷದಲ್ಲಿ ಬಣ್ಣ ಮಾಸಿ ಕಾರು ಒಲೆಯ ಮೇಲಿನ ಮಡಕೆಯಂತಾಯಿತು.

ಆ ಸಲ ಹುಕ್ಕೇರಿಯ ಬೀಗರ ಮನೆಯಲ್ಲಿ ಮದುವೆ ಇತ್ತು. ಮನೆಮಂದಿಯೆಲ್ಲ ಮೊದಲ ಬಾರಿಗೆ ಕಾರಿನಲ್ಲೇ ಹೋಗುವುದೆಂದು ನಿಶ್ಚಯವಾಗಿತ್ತು. ಮೂರು ದಿನ ಮೊದಲು ಮಾವನವರು ನನ್ನ ಗಂಡನನ್ನು ಕರೆದುಕೊಂಡು ಮೂಡಲಗಿಗೆ ವ್ಯಾಪಾರಕ್ಕೆ ಹೋದರು. ಕಾರನ್ನು ಕಲ್ಲು ದಾರಿಗೆ ಇಳಿಸಲು ಅವರಿಗೆ ಜೀವ ಒಪ್ಪದು, ಎತ್ತಿನ ಚಕ್ಕಡಿ ಕಟ್ಟಿಸಿಕೊಂಡೇ ಹೋದರು. ಡ್ರೈವರ್ ರಜೆ ಪಡೆದು ಊರಿಗೆ ಹೋದ. ಅವರು ಅತ್ತ ಹೋದದ್ದೇ ತಡ, ಅತ್ತೆ ನನ್ನನ್ನು ಕೊಟ್ಟಿಗೆಗೆ ಕರೆದರು.

“ದೀಪ ನೋಡ, ಹೆಂಗ ಕರ್ರಗಾಗ್ಯಾವ. ಬೀಗರು ಏನಂದಾರು? ಹುಣಶಿಹಣ್ಣ ಹಚ್ಚಿ ತಿಕ್ಕಿಬಿಡ.”

ಹಿತ್ತಾಳೆ ತಿಕ್ಕುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ತೆಗೆದುಕೊಂಡು ಕೂತೆ. ತಾಸೊಂದರಲ್ಲಿ ದೀಪ, ಹಾರ್ನು ಬಂಗಾರದ ಹಾಗಾದವು. ಅಷ್ಟಕ್ಕೆ ಏಳಬೇಕಿತ್ತು. ಎಡಗಡೆಯ ಮಡ್‌ಗಾರ್ಡಿನ ಮೇಲೆ ಒಣಗಿದ ಕೆಸರಿನ ಕಲೆ ಕಣ್ಣಿಗೆ ಬಿತ್ತು. ಕೈಯಲ್ಲಿ ನಾರಿತ್ತು, ಮೈಯಲ್ಲಿ ಹುರುಪಿತ್ತು, ತಿಕ್ಕಿಯೇ ತಿಕ್ಕಿದೆ. ನೀರು ಹಾಕಿದಾಗ ಕರ್ರಗೆ ಚೆಂದ ಕಂಡಿತು. ನೀರು ಆರಿತು ನೋಡಿ, ಎದೆ ಧಸಕ್ಕೆಂದಿತು. ದೊಡ್ಡ ರೊಟ್ಟಿಯಷ್ಟು ಅಗಲಕ್ಕೆ ಬಣ್ಣ ಬೆಳ್ಳಗೆ ಮಂಜು ಕಟ್ಟಿಬಿಟ್ಟಿತ್ತು. ಮೈತುಂಬ ಗೀರು.

ಆ ಕಾರೆಂದರೆ ಮಾವನವರಿಗೆ ಪ್ರಾಣ. ಸಾಹೇಬನ ಕಾರಿಗೆ ಬೂದಿ ಬಳಿದ ಸೊಸೆ ಎಂದು ಹುಕ್ಕೇರಿಯವರೆಗೂ ಹೆಸರಾಗುತ್ತದೆ. ತಪ್ಪಾಯಿತು ಎಂದು ಅವರ ಕಾಲು ಹಿಡಿಯೋಣವೆಂದರೆ ನನಗೆ ಬಾಯಿಯೇ ಇಲ್ಲವಲ್ಲ! ನನ್ನ ಪರವಾಗಿ ಕ್ಷಮೆಯನ್ನೂ ಅತ್ತೆಯೇ ಕೇಳಬೇಕು. ಅಲ್ಲೇ ನೆಲಕ್ಕೆ ಕೂತು ಗಳಗಳ ಅತ್ತುಬಿಟ್ಟೆ.

ಅಳು ಕೇಳಿ ಹಿತ್ತಲಿನ ಆಚೆಯ ಮನೆಯ ಮುದುಕಿ ಬಂದಳು; ಚಿಕ್ಕಮ್ಮನನ್ನು ಕರೆದಂತೆ ನಾವೆಲ್ಲ ಅವಳನ್ನು ಕಾಕು ಎನ್ನುತ್ತಿದ್ದೆವು. ಅವರದು ಗೊಂಬೆ ಮಾಡುವ ಮನೆತನ; ಕಟ್ಟಿಗೆಯ ಹಣ್ಣು, ಗಿಳಿಗಳಿಗೆ ಬಣ್ಣ ಬಳಿದು ಹೊಳಪು ಕೊಡುವುದರಲ್ಲೇ ಅವಳ ತಲೆ ನರೆತಿತ್ತು. ಮಡ್‌ಗಾರ್ಡು ನೋಡಿದವಳೇ ಸೊಂಟ ಹಿಡಿದುಕೊಂಡು ನಕ್ಕಳು.

“ಅಯ್ಯ ಶಿವನ! ತಂಬಿಗಿ ತಿಕ್ಕಿದಂಗ ತಿಕ್ಕೀಯಲ್ಲ ತಂಗಿ! ಅಳಬ್ಯಾಡ ಏಳ. ಬಣ್ಣ ಹೋಗಿಲ್ಲ, ಮ್ಯಾಲಿನ ಹೊಳಪಷ್ಟ ಹೋಗೇತಿ. ನಮ್ಮ ಗೊಂಬಿಗೆ ಹಿಂಗಾದ್ರ ನಾವೇನ ಒಲಿಗೆ ಹಾಕ್ತೀವೇನು?”

ಮನೆಗೆ ಹೋಗಿ ಸುಣ್ಣಕಲ್ಲಿನ ಬಿಳಿ ಪುಡಿ, ಜೇನುಮೇಣ, ಟರ್ಪೆಂಟಿನ ಬಾಟಲಿ ತಂದಳು. ಆ ಪುಡಿಯನ್ನು ಹಳೆಯ ಧೋತರದಲ್ಲಿ ಮೂರು ಸಲ ಸೋಸಿಸಿದಳು. ನಾಲ್ಕನೆಯ ಸಲವೂ ಸೋಸಲೇನು ಎಂದು ನಾನು ರೇಗಿದ್ದಕ್ಕೆ ನಾಲ್ಕನೆಯ ಸಲವೂ ಸೋಸಿಸಿದಳು. ಪುಡಿಗೆ ಎಣ್ಣೆ ಕಲಸಿ, ಮೊದಲು ಬರೀ ಅಂಗೈಯಿಂದ ಸಣ್ಣ ಸಣ್ಣ ಸುತ್ತು ಹಾಕುತ್ತ ತಿಕ್ಕಬೇಕು. “ಸಿಟ್ಟಲೆ ತಿಕ್ಕಬ್ಯಾಡ. ಕೂಸಿನ ಬೆನ್ನಿಗೆ ಎಣ್ಣಿ ಹಚ್ಚಿದಂಗ ತಿಕ್ಕ” ಎನ್ನುವಳು. ಆಮೇಲೆ ಒರೆಸಿ, ಟರ್ಪೆಂಟಿನಲ್ಲಿ ಕರಗಿಸಿದ ಮೇಣ ಹಚ್ಚಿ, ಮೆತ್ತನೆಯ ಬಟ್ಟೆಯಿಂದ ಉಜ್ಜಬೇಕು. ಮಧ್ಯಾಹ್ನ ದಾಟುವಷ್ಟರಲ್ಲಿ ಬಿಳಿ ಮಂಜು ಹೋಯಿತು. ಎಲ್ಲೋ ಮೂರು ಆಳವಾದ ಗೆರೆ ಮಾತ್ರ ಉಳಿದವು, ಅವೂ ಓರೆಯಾಗಿ ನೋಡಿದರಷ್ಟೇ ಕಾಣುತ್ತಿದ್ದವು.

ಈಗ ಹೊಸ ಫಜೀತಿ. ತಿಕ್ಕಿದ ಜಾಗ ಲಕಲಕ ಹೊಳೆಯುತ್ತಿತ್ತು, ಉಳಿದ ಕಾರು ಅದರ ಪಕ್ಕದಲ್ಲಿ ಮೊದಲಿಗಿಂತ ದರಿದ್ರವಾಗಿ ಕಾಣುತ್ತಿತ್ತು.

“ಈಗೇನ ಮಾಡೂದ ಕಾಕು?”

“ಪೂರಾ ಗಾಡಿ ತಿಕ್ಕೂದು. ಮತ್ತೇನ!”

ಎರಡು ದಿನ ತಿಕ್ಕಿದೆ. ಬಾನೆಟ್ಟು, ಬಾಗಿಲು, ಹಿಂದಿನ ಪೆಟ್ಟಿಗೆ, ಚಕ್ರದ ಕಡ್ಡಿಗಳ ಸಂದಿ, ಯಾವುದನ್ನೂ ಬಿಡಲಿಲ್ಲ. ಬೆನ್ನು ಬಿಗಿದು ಗೂಟವಾಯಿತು, ಅಂಗೈ ಬೊಬ್ಬೆ ಎದ್ದಿತು. ಅತ್ತೆ ಬೈಯಲಿಲ್ಲ, ನನ್ನ ಪಾಲಿನ ರೊಟ್ಟಿಯನ್ನೂ ತಾವೇ ಬಡಿದರು. ಎರಡನೆಯ ದಿನ ಸಂಜೆ ಬಾನೆಟ್ಟಿನಲ್ಲಿ ನನ್ನ ಕುಂಕುಮ ಕಂಡಿತು. ಆಹಾ, ಆಗ ಆದ ಖುಷಿ ಮದುವೆಯ ದಿನವೂ ಆಗಿರಲಿಲ್ಲ ಎಂದರೆ ನನ್ನ ಗಂಡ ಕ್ಷಮಿಸಬೇಕು.

ಮರುದಿನ ಬೆಳಿಗ್ಗೆ ಡ್ರೈವರ್ ಬಂದು ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಹಿಂದೆಯೇ ಮಾವನವರ ಚಕ್ಕಡಿಯೂ ಬಂತು. ಅವರು ಇಳಿದು ಎರಡು ಹೆಜ್ಜೆ ನಡೆದು ನಿಂತೇಬಿಟ್ಟರು. ಬಾನೆಟ್ಟಿನ ಮೇಲೆ ಬಗ್ಗಿ, ಅದರಲ್ಲೇ ಮುಖ ನೋಡಿಕೊಂಡು ತಲೆಯ ರುಮಾಲು ಸರಿಮಾಡಿಕೊಂಡರು.

“ಯಾರೋ ಇದನ್ನ ಮಾಡಿದ್ದು?”

“ನಾನಽರಿ ಸಾವಕಾರ್ರ” ಎಂದ ಡ್ರೈವರ್, ಮೀಸೆಯ ಮೇಲೆ ಕೈಯಾಡಿಸುತ್ತ. “ಸೂಟಿ ಮ್ಯಾಲೆ ಹೋಗೂಕಿಂತ ಮೊದಲ ಪಾಲಿಶ್ ಹೊಡದ ಇಟ್ಟಿದ್ನಿ.”

“ಶಾಬಾಸ್! ಕೈಯಾಗ ಕಸಬ ಐತಿ ನಿಂದು.”

ಬಾಗಿಲ ಮರೆಯಲ್ಲಿ ನಿಂತಿದ್ದ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಅತ್ತೆ ನನ್ನ ರಟ್ಟೆ ಹಿಡಿದು ಒತ್ತಿದರು. ಅವರು ಹೇಳುತ್ತಿದ್ದುದು ನನಗೂ ತಿಳಿದಿತ್ತು: ಸುಮ್ಮನಿದ್ದರೆ ಹುಣಸೆಹಣ್ಣಿನ ಸುದ್ದಿಯೂ ಅಲ್ಲೇ ಮುಚ್ಚಿಹೋಗುತ್ತದೆ, ನಾನು ಪಾರಾಗುತ್ತೇನೆ. ಆದರೆ ಬೊಬ್ಬೆ ಎದ್ದ ಕೈ ನನ್ನದು, ಶಾಬಾಸ್ ಆ ಸೋಮಾರಿಗೆ?

“ಅದನ್ನ ನಾ ತಿಕ್ಕೇನ್ರಿ!”

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಮರೆತುಹೋಗಿತ್ತು. ಚೀಲ ಇಳಿಸುತ್ತಿದ್ದ ನನ್ನ ಗಂಡ ಅದನ್ನು ಹೆಗಲ ಮೇಲಿಟ್ಟುಕೊಂಡೇ ನಿಂತ. ಡ್ರೈವರ್ ಹಲ್ಲು ಕಿರಿದ. “ಹೆಣ್ಮಕ್ಕಳ ಕೈಲೆ ಆಗೂ ಕೆಲಸ ಏನ್ರಿ ಇದು?”

ನಾನು ಅಂಗಳಕ್ಕೆ ಇಳಿದೆ. “ಹಂಗಾರ ಎಡಗಡಿ ಮಡ್‌ಗಾರ್ಡಿನ ಮ್ಯಾಲೆ ಏನೈತಿ, ಹೇಳ.”

“ಏನೈತ್ರಿ? ಕನ್ನಡಿ ಆಗೇತಿ.”

“ಮಾವಾರ, ಬಗ್ಗಿ ಓರೆ ನೋಡ್ರಿ. ಮೂರ ಗೆರಿ ಅದಾವು. ಹುಣಶಿಹಣ್ಣ, ಬೂದಿ ಹಚ್ಚಿ ತಿಕ್ಕಿ ನಾನಽ ಕೆಡಿಸಿದ್ನಿ. ಕೆಡಿಸಿದಾಕೀನೂ ನಾನಽ, ಹೊಳಸಿದಾಕೀನೂ ನಾನಽ. ಕಲಿಸಿದಾಕಿ ಹಿತ್ತಲಾಚೆ ಕಾಕು.”

ಮಾವನವರು ಬಗ್ಗಿದರು, ಕತ್ತು ಓರೆ ಮಾಡಿದರು, ಉಗುರಿನಿಂದ ಗೆರೆಗಳನ್ನು ಮುಟ್ಟಿ ನೋಡಿದರು. ಒಂದು, ಎರಡು, ಮೂರು. ಅವರು ಎದ್ದು ನಿಂತು, ಅತ್ತೆಯ ಕಡೆಗಲ್ಲ, ನೆಟ್ಟಗೆ ನನ್ನ ಕಡೆ ತಿರುಗಿದರು.

“ಹುಣಶಿಹಣ್ಣ ಹಚ್ಚಿದಿ? ಕಾರಿಗೆ?”

“ಹೂನ್ರಿ.”

ರುಮಾಲು ಜಾರುವ ಹಾಗೆ ನಕ್ಕರು. ನಗು ನಿಂತ ಮೇಲೆ ಡ್ರೈವರನಿಗೆ ಹೇಳಿದರು: “ನೀ ಇನ್ನ ಬರೇ ಗಾಡಿ ಹೊಡಿ. ತೊಳಿಯೂದು, ತಿಕ್ಕೂದು ಆಕೀ ಹುಕುಮಿನ ಪ್ರಕಾರ.”

ಹುಕ್ಕೇರಿಯ ಮದುವೆ ಹಂದರದ ಮುಂದೆ ಕಾರು ನಿಂತಾಗ ಗಂಡಸರೆಲ್ಲ ಸುತ್ತುಗಟ್ಟಿದರು. ಹಿರಿಯ ಬೀಗರು, “ಬೆಳಗಾವಿಗೆ ಕಳಿಸಿ ಮಾಡಿಸಿದ್ರೇನ್ರಿ?” ಎಂದು ಕೇಳಿದರು. ಹೆಂಗಸರ ಜೊತೆ ಒಳಗೆ ಹೊರಟಿದ್ದ ನನ್ನನ್ನು ಮಾವನವರು ಎಲ್ಲರೆದುರು ಕೂಗಿ ಕರೆದರು. “ಬಾ ತಂಗಿ. ಹೆಂಗ ತಿಕ್ಕಿದಿ, ನೀನಽ ಹೇಳ ಇವರಿಗೆ.” ಇಪ್ಪತ್ತು ರುಮಾಲು ಒಮ್ಮೆಗೇ ನನ್ನ ಕಡೆ ತಿರುಗಿದವು. ಸೆರಗು ಸರಿಮಾಡಿಕೊಂಡು ಪುಡಿ ಸೋಸುವುದರಿಂದ ಶುರುಮಾಡಿದೆ. ನಡುವೆ ಬೀಗರು ಏನೋ ಹೇಳಲು ಬಾಯಿ ತೆರೆದರು. ಮಾವನವರು ಕೈ ಎತ್ತಿದರು.

“ಸುಮ್ಮನಿರ್ರಿ. ನಮ್ಮ ಸೊಸಿ ಮಾತಾಡಾಕತ್ತಾಳ.”